ಇಳಿಜಾರಿನಲ್ಲೊಂದು ಕಟ್ಟೆ: ಗೋಡೆಯನ್ನು ನೂಕುವ ನೀರು

ಇಳಿಜಾರಿನಲ್ಲಿರುವ ಮನೆಯ ಪಕ್ಕ ಕೂರಲು, ಗಿಡ ಬೆಳೆಸಲು ಸಮತಟ್ಟಾದ ಕಟ್ಟೆ ಬೇಕಾದರೆ ತಗ್ಗಿನ ಬದಿಗೆ ತಡೆಗೋಡೆ ಕಟ್ಟಿ, ಅದರ ಹಿಂದೆ ಮಣ್ಣು ತುಂಬಬೇಕು. ಹುಮನಾಬಾದ್ ಮತ್ತು ಬಸವಕಲ್ಯಾಣದ ನಡುವಿನ ರಾಜೇಶ್ವರದ ಸೀಮೆಯಲ್ಲಿ ಆ ಗೋಡೆ ಎಷ್ಟು ಕಾಲ ನಿಲ್ಲುತ್ತದೆ ಎಂಬುದು ಯಾವ ಮಣ್ಣು ತುಂಬಿದರು ಎಂಬುದರ ಮೇಲೆ ನಿಂತಿದೆ. ಬೀದರ ಜಿಲ್ಲೆಯಲ್ಲಿ ಬಸಾಲ್ಟ್ ಶಿಲೆ ಸವೆದು ಎರಡು ಬಗೆಯ ನೆಲವಾಗಿದೆ: ಒಂದು ಕಪ್ಪು ಎರೆ, ಇನ್ನೊಂದು ಕೆಂಪು ಜಂಬಿಟ್ಟಿಗೆ.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ಅದರ ತೆಳು ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಬೇಸಿಗೆಯ ಬಿರುಕು ಮೀಟರು ಆಳ ದಾಟುವುದುಂಟು. ಆದ್ದರಿಂದ ಪಾಯ ಎರೆಯನ್ನು ದಾಟಿ ಗಟ್ಟಿ ಮುರುಮಿನವರೆಗೆ (ಸವೆದ ಶಿಲೆಯ ಗರಸು ಮಣ್ಣು) ಇಳಿಯಬೇಕು. ಎರೆ ತೀರ ಆಳವಿದ್ದರೆ ಅದನ್ನು ಅಗೆದು ತೆಗೆದು, ಉಬ್ಬದ ಮಣ್ಣಿನ ದಪ್ಪ ಪದರ ಹಾಕುವುದುಂಟು. ಈ ವಿಧಾನವನ್ನು ಬೆಳೆಸಿದವರು ಐಐಟಿ ಬಾಂಬೆಯ ಆರ್.ಕೆ. ಕಟ್ಟಿ.

ತುಂಬಿದ ಮಣ್ಣು ಗೋಡೆಯನ್ನು ಅಡ್ಡಡ್ಡ ನೂಕುತ್ತದೆ. ಈ ನೂಕುಬಲದ ಲೆಕ್ಕವನ್ನು ಫ್ರಾನ್ಸಿನ ಸೇನಾ ಎಂಜಿನಿಯರ್ ಕೂಲಂ 1773ರಲ್ಲಿ ಮಂಡಿಸಿದ. ಒಂದು ಮೀಟರು ಎತ್ತರದ ಗೋಡೆಯ ಹಿಂದೆ ಒಣ ಮುರುಮು ಇದ್ದರೆ, ಗೋಡೆಯ ಪ್ರತಿ ಮೀಟರು ಉದ್ದಕ್ಕೆ ಸುಮಾರು 300 ಕಿಲೋ ಭಾರದಷ್ಟು ಒತ್ತಡ. ಅದೇ ಮಣ್ಣಿನಲ್ಲಿ ಮೇಲಿನವರೆಗೆ ನೀರು ನಿಂತರೆ ಅದು 600 ಕಿಲೋ ದಾಟುತ್ತದೆ. ಮಣ್ಣಿನ ಕಣಗಳು ಒಂದಕ್ಕೊಂದು ಉಜ್ಜಿ ತಮ್ಮ ಭಾರವನ್ನು ಕೊಂಚ ತಾವೇ ಹೊರುತ್ತವೆ. ನೀರಿಗೆ ಆ ಗುಣವಿಲ್ಲ, ಅದರ ಪೂರ್ತಿ ಒತ್ತಡ ಗೋಡೆಗೇ ಬೀಳುತ್ತದೆ. ಎತ್ತರ ಎರಡು ಪಟ್ಟಾದರೆ ನೂಕುಬಲ ನಾಲ್ಕು ಪಟ್ಟು, ಗೋಡೆಯನ್ನು ಬೀಳಿಸುವ ಶಕ್ತಿ ಎಂಟು ಪಟ್ಟು. ಎತ್ತರದ ಒಂದೇ ಗೋಡೆಗಿಂತ ಎರಡು ಗಿಡ್ಡ ಮೆಟ್ಟಿಲುಗಳನ್ನು ದೂರ ದೂರ ಕಟ್ಟುವುದು ಜಾಣತನ ಎನ್ನುವುದಕ್ಕೆ ಇದೇ ಕಾರಣ. ಒಂದೂವರೆ ಮೀಟರು ಮೀರುವ ಗೋಡೆಗೆ ಎಂಜಿನಿಯರರ ಲೆಕ್ಕ ಬೇಕೇ ಬೇಕು.

ಕಲ್ಲಿನ ಗೋಡೆ ತನ್ನ ತೂಕದಿಂದಲೇ ನಿಲ್ಲುವಂಥದು. ಬುಡದ ದಪ್ಪ ಎತ್ತರದ ಅರ್ಧದಷ್ಟಿದ್ದು, ಹೊರಮೈ ಮಣ್ಣಿನ ಕಡೆಗೆ ಕೊಂಚ ವಾಲಿರಬೇಕು. ಜಂಬಿಟ್ಟಿಗೆ ಇದಕ್ಕೆ ಒಗ್ಗುವ ಕಲ್ಲು: ನೆಲದಲ್ಲಿದ್ದಾಗ ಕಡಿಯಲು ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ.

ಗೋಡೆಯ ಬೆನ್ನಿಗೆ ಒಂದಡಿ ಅಗಲ ಜಲ್ಲಿ ತುಂಬಿ, ಬುಡದಲ್ಲಿ ಪ್ರತಿ ಒಂದೂವರೆ ಮೀಟರಿಗೊಂದು ಪೈಪಿನ ತೂತು ಬಿಡಬೇಕು. ಜಲ್ಲಿಗೂ ಮಣ್ಣಿಗೂ ನಡುವೆ ಸೋಸುವ ಬಟ್ಟೆ ಇಲ್ಲದಿದ್ದರೆ ಕೆಲವೇ ಮಳೆಗಾಲಗಳಲ್ಲಿ ಜಲ್ಲಿ ಕಟ್ಟಿಕೊಳ್ಳುತ್ತದೆ. ಅಗೆದ ಎರೆಮಣ್ಣು ಹತ್ತಿರದಲ್ಲೇ ಬಿದ್ದಿರುತ್ತದೆ, ಪುಕ್ಕಟೆಯಾಗಿ ಸಿಗುತ್ತದೆ. ಅದನ್ನೇ ಒಳಗೆ ತುಂಬುವ ಆಸೆಯೇ ಈ ಕೆಲಸದ ದೊಡ್ಡ ಶತ್ರು. ಮುರುಮನ್ನೇ ತಂದು ಅರ್ಧ ಅಡಿಯ ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ ದಮ್ಮಸ್ಸು ಮಾಡಬೇಕು.

ಕಟ್ಟೆಯ ಮೇಲ್ಮೈ ಮನೆಯ ತಳಪಾಯದ ಅಂಚಿಗಿಂತ ಅರ್ಧ ಅಡಿ ಕೆಳಗಿರಲಿ, ಇಲ್ಲದಿದ್ದರೆ ತೇವ ಮನೆಯ ಗೋಡೆಗೆ ಏರುತ್ತದೆ. ಒಂದು ಮಳೆಗಾಲ ಮಣ್ಣು ಕೂರಲು ಬಿಟ್ಟು, ಆಮೇಲೆ ಮನೆಯಿಂದ ಹೊರಕ್ಕೆ ವಾಟ ಕೊಟ್ಟು ಶಹಾಬಾದ್ ಫರಸಿ ಹಾಸಿದರೆ ಕಲ್ಲು ಕುಸಿಯುವುದಿಲ್ಲ. ಹೆಚ್ಚು ನೀರು ಬೇಡುವ ಗಿಡಗಳನ್ನೂ ಭಾರದ ಕುಂಡಗಳನ್ನೂ ತಡೆಗೋಡೆಯ ಅಂಚಿಗೆ ಇಡಬಾರದು, ಮನೆಯ ಪಾಯಕ್ಕೂ ಒತ್ತಿ ಇಡಬಾರದು. ಕಟ್ಟೆಯ ನಡುಭಾಗ ಅವಕ್ಕೆ ಸರಿಯಾದ ಜಾಗ.