ಹೊಂಬಣ್ಣದ ಕಿರುಕೋತಿ

ದಕ್ಷಿಣ ಅಮೆರಿಕದ ಬ್ರಜಿಲ್ ದೇಶದಲ್ಲಿ, ರಿಯೋ ಡಿ ಜನೈರೋ ಪ್ರಾಂತದ ಕರಾವಳಿಯ ಸಮೀಪದ ಕಾಡುಗಳಲ್ಲಿ ಮಾತ್ರವೇ ವಾಸಿಸುವ ಒಂದು ಕಿರುಕೋತಿಯುಂಟು. ಅದರ ತೂಕವು ಸುಮಾರು 600 ಗ್ರಾಂ. ನಮ್ಮ ಮಲೆನಾಡಿನ ದೊಡ್ಡ ಕೆಂಪು ಅಳಿಲಿಗಿಂತಲೂ ಚಿಕ್ಕದು. ಮೈಯೆಲ್ಲವೂ ಹೊನ್ನಿನ ಬಣ್ಣ. ಮುಖದ ಸುತ್ತಲೂ ಸಿಂಹದ ಕೇಸರದಂತೆ ಕೂದಲು. ಆದಕಾರಣ ಇದಕ್ಕೆ ಸ್ವರ್ಣಸಿಂಹ ಟ್ಯಾಮರಿನ್ ಎಂಬ ಹೆಸರಾಯಿತು.

ಈ ಕೋತಿಗಳು ಚಿಕ್ಕ ಕುಟುಂಬಗಳಾಗಿ ಬಾಳುತ್ತವೆ. ರಾತ್ರಿಯಲ್ಲಿ ಮರದ ಪೊಟರೆಯೊಳಗೆ ಒಟ್ಟಾಗಿ ಮಲಗುತ್ತವೆ. ತಾಯಿಯು ಸಾಧಾರಣವಾಗಿ ಅವಳಿ ಮರಿಗಳನ್ನು ಈಯುವುದು. ಕೆಲವು ವಾರಗಳು ಕಳೆದ ಮೇಲೆ ಅವುಗಳನ್ನು ಹೊರುವ ಭಾರವು ಬಹುಮಟ್ಟಿಗೆ ತಂದೆಗೂ ಅಣ್ಣ ಅಕ್ಕಂದಿರಿಗೂ ಸೇರುತ್ತದೆ. ಹಿರಿಯ ಕೋತಿಗಳು ಕೂಗಿ ಕರೆದು ಮರಿಗಳಿಗೆ ಆಹಾರವನ್ನು ಕೊಡುತ್ತವೆ. ನೀಳವಾದ ಬೆರಳುಗಳನ್ನು ತೊಗಟೆಯ ಬಿರುಕಿನೊಳಗೆ ತೂರಿಸಿ ಹುಳುವನ್ನು ಎಳೆಯುವ ವಿದ್ಯೆಯನ್ನು ಮರಿಯು ಕುಟುಂಬದ ನಡುವೆಯೇ ಕಲಿಯುತ್ತದೆ.

ಮನುಷ್ಯರು ಕಾಡನ್ನು ಕಡಿದುದರಿಂದಲೂ, ಕೋತಿಗಳನ್ನು ಹಿಡಿದು ಮಾರಿದುದರಿಂದಲೂ, 1970ರ ದಶಕದಲ್ಲಿ ಕಾಡಿನಲ್ಲಿ ಸುಮಾರು 200 ಮಾತ್ರವೇ ಉಳಿದಿದ್ದವು. 1974ರಲ್ಲಿ ಇವುಗಳಿಗಾಗಿ ಪೋಸು ದಾಸ್ ಆಂತಾಸ್ ಎಂಬ ರಕ್ಷಿತಾರಣ್ಯವು ಸ್ಥಾಪಿತವಾಯಿತು. 1984ರಿಂದ ಮೃಗಾಲಯಗಳಲ್ಲಿ ಹುಟ್ಟಿದವುಗಳನ್ನು ಕಾಡಿಗೆ ಬಿಡತೊಡಗಿದರು. ಆದರೆ ಇಟ್ಟ ಆಹಾರವನ್ನೇ ತಿಂದು ಬೆಳೆದ ಈ ಪ್ರಾಣಿಗಳಿಗೆ ಮರೆಯಲ್ಲಿರುವ ಆಹಾರವನ್ನು ಹುಡುಕುವುದಾಗಲಿ, ತೂಗಾಡುವ ಕೊಂಬೆಗಳ ಮೇಲೆ ಸಂಚರಿಸುವುದಾಗಲಿ ತಿಳಿಯದು. ಅನೇಕವು ಸತ್ತುಹೋದವು. ಪಾಲಕರು ಧೈರ್ಯಗೆಡದೆ, ಬಿಟ್ಟ ಕೋತಿಗಳಿಗೆ ಬಹುಕಾಲ ಆಹಾರವನ್ನಿತ್ತು ಕಾಪಾಡಿದರು. ಉಳಿದವುಗಳಿಗೆ ಕಾಡಿನಲ್ಲಿ ಹುಟ್ಟಿದ ಮರಿಗಳಾದರೋ ಎಳೆತನದಿಂದಲೇ ಕಾಡನ್ನು ಅರಿತು, ಹೆತ್ತವುಗಳಿಗಿಂತ ಚೆನ್ನಾಗಿ ಬದುಕಿದವು.

2014ರ ವೇಳೆಗೆ ಇವುಗಳ ಸಂಖ್ಯೆಯು ಸುಮಾರು 3,700 ಆಗಿದ್ದಿತು. ಅನಂತರ ಹಳದಿ ಜ್ವರವು ಹರಡಿ, ಅದು ಸುಮಾರು 2,500ಕ್ಕೆ ಇಳಿಯಿತು. 2021ರಲ್ಲಿ ಕಾಡಿನ ಕೋತಿಗಳಿಗೇ ಲಸಿಕೆ ಹಾಕಲಾರಂಭಿಸಿದರು. 2023ರ ಎಣಿಕೆಯಲ್ಲಿ ಸುಮಾರು 4,800 ಕಂಡುಬಂದವು. ಆದರೂ ಅಪಾಯವು ಕಳೆದಿಲ್ಲ. ಉಳಿದ ಕಾಡು ತುಂಡುತುಂಡಾಗಿದೆ; ತುಂಡಿನಿಂದ ತುಂಡಿಗೆ ದಾಟಲಾರದ ಕುಟುಂಬಗಳು ಕ್ರಮೇಣ ಕ್ಷೀಣಿಸುವುವು. ಆದುದರಿಂದಲೇ ಅಲ್ಲಿಯವರು ನಡುವಣ ಬಯಲಿನಲ್ಲಿ ಮರಗಳನ್ನು ನೆಡುತ್ತಿದ್ದಾರೆ. ಹೆದ್ದಾರಿಯ ಮೇಲೆ ಗಿಡಮರಗಳುಳ್ಳ ಸೇತುವೆಯೊಂದನ್ನೂ ಕಟ್ಟಿದ್ದಾರೆ.

ಪ್ರಿಯ ಸಹೋದರಿಯರೇ, ಮಕ್ಕಳನ್ನು ಹೆತ್ತಿರುವ ತಂದೆತಾಯಂದಿರೇ, ಪಂಜರದಲ್ಲಿ ಪ್ರಾಣಿಯ ಜೀವವನ್ನು ಉಳಿಸಬಹುದು. ಬದುಕುವ ವಿದ್ಯೆಯನ್ನು ಅಲ್ಲಿ ಕಲಿಸುವುದು ಕಷ್ಟ. ಹಿರಿಯರೂ ಮನೆಯೂ ಒಟ್ಟಿಗಿದ್ದರೆ ಮಾತ್ರ ಅದು ಮುಂದಿನ ತಲೆಗೆ ದೊರೆಯುವುದು. ದೇವರು ತನ್ನ ಸೃಷ್ಟಿಯನ್ನು ನಮ್ಮ ವಶಕ್ಕೆ ಒಪ್ಪಿಸಿರುವುದು ಕಾಯುವುದಕ್ಕಾಗಿಯೇ ಹೊರತು ಕೆಡಿಸುವುದಕ್ಕಾಗಿ ಅಲ್ಲ.