ಗೀರು ಹೋಗುವುದಿಲ್ಲ, ಸುತ್ತಲಿನದು ಹೋಗುತ್ತದೆ

ಎಚ್‌ಎಂಟಿ ಜನತಾ, ಪೈಲಟ್‌ನಂಥ ಹಳೆಯ ಕೈಗಡಿಯಾರಗಳನ್ನು ಬೀರುವಿನಿಂದ ತೆಗೆದು ಮತ್ತೆ ಕಟ್ಟಿಕೊಳ್ಳುವವರಿದ್ದಾರೆ. ಕೀಲಿ ಕೊಟ್ಟರೆ ಓಡುತ್ತದೆ, ಆದರೆ ಮುಳ್ಳುಗಳು ಮಸುಕು. ಮೇಲಿನ ಗಾಜಿನ ತುಂಬ ಗೀರು. ಗಾಜು ಎನ್ನುವುದು ಮಾತಿಗೆ ಅಷ್ಟೇ, ಅದು ಅಕ್ರಿಲಿಕ್ ಪ್ಲಾಸ್ಟಿಕ್. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಸತೊಡಗಿದ ಎಚ್‌ಎಂಟಿ, ಜನಸಾಮಾನ್ಯರ ಮಾದರಿಗಳಿಗೆ ಇದನ್ನೇ ಹಾಕುತ್ತಿತ್ತು. ಅಗ್ಗ, ಹಗುರ, ಕೆಳಗೆ ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ.

ಆದರೆ ಬಲು ಮೆದು. ಖನಿಜಗಳ ಗಡಸುತನವನ್ನು ಅಳೆಯುವ ಹತ್ತರ ಮೋಸ್ ಮಾಪಕದಲ್ಲಿ ಅಕ್ರಿಲಿಕ್ 3ರ ಆಸುಪಾಸಿನಲ್ಲಿದೆ, ಕಿಟಕಿಯ ಗಾಜು ಸುಮಾರು 5.5ರಲ್ಲಿ. ನಮ್ಮ ಬೀದಿಯ ದೂಳಿನಲ್ಲಿರುವ ಬೆಣಚುಕಲ್ಲಿನ ಹರಳು 7ರಲ್ಲಿದೆ. ಅಂದರೆ ಗೀರು ಹಾಕಿದ್ದು ಅಂಗಿಯ ತೋಳಲ್ಲ, ತೋಳಿಗೆ ಅಂಟಿದ್ದ ದೂಳು. ಒಣಬಟ್ಟೆಯಿಂದ ಒರೆಸಿದಷ್ಟೂ ಗೀರು ಹೆಚ್ಚುವುದು ಇದರಿಂದಲೇ.

ಗೀರು ಯಾಕೆ ಕಾಣುತ್ತದೆ? ನುಣುಪಾದ ಅಕ್ರಿಲಿಕ್ ಹಾಳೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 92ರಷ್ಟನ್ನು ಆಚೆಗೆ ಬಿಡುತ್ತದೆ. ಉಳಿದದ್ದರಲ್ಲಿ ಹೆಚ್ಚುಪಾಲು ಎರಡು ಮೈಗಳಲ್ಲಿ ಪ್ರತಿಫಲಿಸಿ ಹಿಂದಿರುಗುತ್ತದೆ. ಗೀರಿನ ಗೋಡೆಗಳು ಓರೆಕೋರೆ. ಅಲ್ಲಿ ಬಿದ್ದ ಬೆಳಕು ಬಾಗಿ ಕಂಡಕಂಡ ಕಡೆ ಚೆದುರುತ್ತದೆ, ನಮ್ಮ ಕಣ್ಣಿಗೆ ಅದು ಬಿಳಿ ಗೆರೆ. ಗೀರಿನ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ನೋಡಿ, ಸಣ್ಣ ಗೀರಾದರೆ ಬಹುಪಾಲು ಮಾಯ. ಅಕ್ರಿಲಿಕ್‌ನ ವಕ್ರೀಭವನ ಸೂಚ್ಯಂಕ 1.49, ಎಣ್ಣೆಯದು ಸುಮಾರು 1.45. ಎರಡಕ್ಕೂ ಅಂತರ ಕಡಿಮೆಯಾದ್ದರಿಂದ ಬೆಳಕು ಹೆಚ್ಚೇನೂ ಬಾಗದೆ ದಾಟುತ್ತದೆ. ಮೇಣ ತುಂಬಿ ಗೀರು ಮರೆಸುವ ಕ್ರೀಮುಗಳ ಗುಟ್ಟೂ ಇಷ್ಟೇ, ತೊಳೆದರೆ ಗೀರು ಮತ್ತೆ ಹಾಜರ್.

ನಿಜವಾದ ಪಾಲಿಶ್‌ನಲ್ಲಿ ಹಳ್ಳ ತುಂಬುವುದಿಲ್ಲ. ಹಳ್ಳದ ತಳ ಸಿಗುವವರೆಗೆ ಸುತ್ತಲಿನ ನೆಲವನ್ನೇ ಕೆತ್ತಿ ತಗ್ಗಿಸುತ್ತೇವೆ. ಉಗುರಿಗೆ ತಗಲುವಷ್ಟು ಆಳದ ಗೀರಾದರೆ 600 ಅಥವಾ 800 ನಂಬರಿನ ವಾಟರ್ ಪೇಪರ್‌ನಿಂದ, ನೀರು ಹಾಕುತ್ತಾ ಶುರು. ಇಡೀ ಗಾಜು ಬೂದಿಬಣ್ಣಕ್ಕೆ ತಿರುಗಿದಾಗ ಕೆಟ್ಟಿತು ಎಂದು ಕೈಬಿಡುವವರೇ ಬಹಳ, ಅಲ್ಲಿ ಬಿಡಬಾರದು. ಮುಂದಿನದು 1000, ಆಮೇಲೆ 2000. ಪ್ರತಿ ಸಲವೂ ಹಿಂದಿನ ದಿಕ್ಕಿಗೆ ಅಡ್ಡಲಾಗಿ ಉಜ್ಜಿದರೆ ಹಳೆಯ ಗೆರೆ ಪೂರ್ತಿ ಹೋಯಿತೋ ಇಲ್ಲವೋ ಕಾಣುತ್ತದೆ. 600ರ ಕಾಗದದ ಕಣ ಸುಮಾರು 26 ಮೈಕ್ರೋಮೀಟರ್, 2000ದ್ದು ಸುಮಾರು 10. ಕೊನೆಗೆ ಪಾಲಿಶ್ ಪೇಸ್ಟಿನ ಇನ್ನೂ ಸಣ್ಣ ಪುಡಿ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ 0.4ರಿಂದ 0.7 ಮೈಕ್ರೋಮೀಟರ್. ಉಬ್ಬುತಗ್ಗು ಅದಕ್ಕಿಂತ ಬಹಳ ಕಡಿಮೆಯಾದರೆ ಬೆಳಕಿನ ಮಟ್ಟಿಗೆ ಆ ಮೈ ಸಪಾಟು. ಗೀರುಗಳು ಆಗಲೂ ಇರುತ್ತವೆ, ಬೆಳಕಿಗೆ ಸಿಗುವುದಿಲ್ಲ.

ಟೂತ್‌ಪೇಸ್ಟ್ ಕೆಲಸ ಮಾಡುತ್ತದೆಯೇ? ಮೇಲುಮೇಲಿನ ಗೀರಿಗೆ ಖಂಡಿತ. ಹಲ್ಲಿನ ಎನಾಮಲ್ ಸವೆಯಬಾರದೆಂದು ಅದರಲ್ಲಿ ಸುಣ್ಣಕಲ್ಲಿನ ಪುಡಿ ಅಥವಾ ಮೆದುವಾದ ಸಿಲಿಕಾ ಹಾಕಿರುತ್ತಾರೆ. ಅಕ್ರಿಲಿಕ್‌ಗೆ ಅದು ಹದವಾದ ಪಾಲಿಶ್. ಆಳದ ಗೀರನ್ನು ಅದರಿಂದ ತೆಗೆಯಲು ಹೊರಟರೆ ಗೀರಿಗಿಂತ ಮೊದಲು ಕೈ ಸೋಲುತ್ತದೆ.

ಪಾಲಿಶ್ ಎಂದರೆ ಗೀರನ್ನು ಸಣ್ಣದು ಮಾಡುತ್ತಾ ಹೋಗುವುದು ಎಂದು ನ್ಯೂಟನ್ ತನ್ನ 1704ರ ‘ಆಪ್ಟಿಕ್ಸ್’ನಲ್ಲೇ ಹೇಳಿದ್ದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಾರ್ಜ್ ಬೀಲ್ಬಿ ಬೇರೆ ವಾದ ತಂದ: ಮೇಲ್ಪದರ ದ್ರವದ ಹಾಗೆ ಹರಿದು ಹಳ್ಳಗಳನ್ನು ಮುಚ್ಚುತ್ತದೆ. ಉಜ್ಜುವ ಪುಡಿಯ ಗಡಸುತನಕ್ಕಿಂತ ಅದರ ಕರಗುವ ಬಿಂದು ಮುಖ್ಯ ಎಂದು 1937ರಲ್ಲಿ ಬೌಡನ್ ಮತ್ತು ಹ್ಯೂಸ್ ಆ ವಾದಕ್ಕೆ ಬಲ ಕೊಟ್ಟರು. ಲೋಹಗಳ ವಿಷಯದಲ್ಲಿ ಮುಂದಿನ ಸೂಕ್ಷ್ಮದರ್ಶಕಗಳು ಹೆಚ್ಚಾಗಿ ನ್ಯೂಟನ್‌ನ ಕಡೆಗೇ ವಾಲಿದವು. ಪ್ಲಾಸ್ಟಿಕ್‌ನಲ್ಲಿ ಮಾತ್ರ ಶಾಖವನ್ನು ಲಘುವಾಗಿ ಕಾಣುವಂತಿಲ್ಲ. ಅಕ್ರಿಲಿಕ್ ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗೆ ಮೆದುವಾಗುತ್ತದೆ, ಹುಟ್ಟಿದ ಬಿಸಿಯನ್ನು ಬೇಗ ಸಾಗಹಾಕುವುದೂ ಇಲ್ಲ. ಡ್ರಿಲ್ ಮೆಷಿನ್ನಿಗೆ ಬಫ್ ಸಿಕ್ಕಿಸಿ ಒಂದೇ ಕಡೆ ಒತ್ತಿ ಹಿಡಿದರೆ ಮೈ ಕರಗಿ ಕದಡುತ್ತದೆ.

ಒಂದೇ ಕಡೆ ಉಜ್ಜುವುದರಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಸಣ್ಣ ತಗ್ಗು ಬಿದ್ದು ಅದು ಮಸೂರದಂತೆ ವರ್ತಿಸುತ್ತದೆ, ಆಚೆಗಿನ ದೃಶ್ಯ ಸೊಟ್ಟಗಾಗುತ್ತದೆ. ವಿಮಾನದ ಕಿಟಕಿಗಳೂ ಅಕ್ರಿಲಿಕ್ಕೇ. ಅವುಗಳ ಗೀರು ತೆಗೆಯುವಾಗ ಸುತ್ತಲಿನ ಅಗಲ ಜಾಗವನ್ನೂ ಸೇರಿಸಿ ಸವೆಸುತ್ತಾರೆ, ಉಳಿದ ದಪ್ಪವನ್ನು ಅಳೆಯುತ್ತಾರೆ. ಮಿತಿಗಿಂತ ತೆಳುವಾದರೆ ಕಿಟಕಿಯನ್ನೇ ಬದಲಿಸಬೇಕು.

ಇಷ್ಟೆಲ್ಲ ಅಕ್ರಿಲಿಕ್‌ನ ಮಾತು. ಹೆಲ್ಮೆಟ್ಟಿನ ವೈಸರ್ ಸಾಮಾನ್ಯವಾಗಿ ಪಾಲಿಕಾರ್ಬೊನೇಟ್. ಪೆಟ್ಟು ತಾಳುವುದರಲ್ಲಿ ಅಕ್ರಿಲಿಕ್‌ಗಿಂತ ಎಷ್ಟೋ ಗಟ್ಟಿ, ಗೀರಿಗೆ ಇನ್ನೂ ಮೆದು. ಹಾಗಾಗಿ ಒಳ್ಳೆಯ ವೈಸರ್‌ಗೆ ಗಡಸು ಲೇಪ ಕೊಟ್ಟಿರುತ್ತಾರೆ. ಉಜ್ಜಿದರೆ ಮೊದಲು ಹೋಗುವುದು ಆ ಲೇಪವೇ, ಬಳಿಕ ಪ್ರತಿ ಒರೆತಕ್ಕೂ ಹೊಸ ಗೀರು. ರಾತ್ರಿ ಎದುರು ಗಾಡಿಯ ಬೆಳಕು ಆ ಗೀರುಗಳಲ್ಲಿ ಚೆದುರಿ ಕಣ್ಣು ಕೋರೈಸುತ್ತದೆ, ಆದ್ದರಿಂದ ಹೊಸ ವೈಸರ್ ಕೊಳ್ಳುವುದೇ ಲೇಸು. ಕಾರಿನ ಹೆಡ್‌ಲೈಟ್ ಗಾಜೂ ಪಾಲಿಕಾರ್ಬೊನೇಟೇ, ಬಿಸಿಲಿನ ನೇರಳಾತೀತ ಕಿರಣಕ್ಕೆ ಹಳದಿಯಾಗುತ್ತದೆ. ಅದನ್ನು ಉಜ್ಜಿ ಫಳಫಳ ಮಾಡಬಹುದು. ಆ ಕಿರಣ ತಡೆಯುವ ಲೇಪವನ್ನು ಹೊಸದಾಗಿ ಹಚ್ಚದೆ ಬಿಟ್ಟರೆ ಹಳದಿ ಬೇಗನೆ ಮರಳುತ್ತದೆ.