ಚಪ್ಪಲಿ ಉಳಿಯಲಿಲ್ಲ, ಹೊಲಿದವರ ಹೆಸರು ಉಳಿದಿದೆ

ಐನೂರು ವರ್ಷಗಳ ಹಿಂದೆ ನಮ್ಮ ಕರಾವಳಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದವರು ಯಾರು? ಹೇಗೆ ಹೊಲಿಯುತ್ತಿದ್ದರು? ಇತಿಹಾಸದಲ್ಲಿ ಎಂ.ಎ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವನಿಗೆ ಇದೆಂಥ ಕುತೂಹಲ ಎಂದು ನಿಮಗೆ ಅನಿಸಬಹುದು. ನನ್ನ ಅಪ್ಪ ಕುಮಟಾದಲ್ಲಿ ಚಪ್ಪಲಿ ಹೊಲಿಯುತ್ತಾರೆ. ಅಜ್ಜನದೂ ಅದೇ ಕೆಲಸ. ಹಾಗಾಗಿ ಇದು ನಮ್ಮ ಮನೆಯದೇ ಪ್ರಶ್ನೆ.

ಮೊದಲು ಹುಡುಕಿದ್ದು ಹತ್ತಿರದ ಮಿರ್ಜಾನ್ ಕೋಟೆಯಲ್ಲಿ. 2000–01ರಲ್ಲಿ ಅಲ್ಲಿ ಉತ್ಖನನ ನಡೆದಾಗ ಚೀನಾದ ಪಿಂಗಾಣಿ ಚೂರುಗಳು, ಫಿರಂಗಿ ಗುಂಡುಗಳು, ಪೋರ್ಚುಗೀಸರ ಚಿನ್ನದ ನಾಣ್ಯ ಸಿಕ್ಕವು. ನಾನು ಓದಿದ ಪಟ್ಟಿಯಲ್ಲಿ ತೊಗಲಿನ ಒಂದು ತುಂಡೂ ಇರಲಿಲ್ಲ. ಆಶ್ಚರ್ಯವೇನಿಲ್ಲ. ತೊಗಲು ಉಳಿಯಬೇಕೆಂದರೆ ಮರಳುಗಾಡಿನಂತೆ ಪೂರ್ತಿ ಒಣಗಿರಬೇಕು, ಇಲ್ಲವೇ ಗಾಳಿ ಸೋಕದ ಕೆಸರಿನಲ್ಲಿ ಸದಾ ಮುಳುಗಿರಬೇಕು. ನಮ್ಮಲ್ಲಿ ನಾಲ್ಕು ತಿಂಗಳು ಮಳೆ, ಆಮೇಲೆ ಸುಡು ಬಿಸಿಲು. ಜಂಬಿಟ್ಟಿಗೆ ಮಣ್ಣಿನ ಹುಳಿ ಬೇರೆ, ಗೆದ್ದಲು ಬೇರೆ.

ಇಂಗ್ಲೆಂಡಿನ ಯಾರ್ಕ್ ನಗರದ ಕತೆ ಬೇರೆ. ಅಲ್ಲಿನ ಕಾಪರ್‌ಗೇಟ್ ಎಂಬ ಬೀದಿಯನ್ನು 1976ರಿಂದ 1981ರವರೆಗೆ ಅಗೆದಾಗ ಒದ್ದೆ ಮಣ್ಣಿನಲ್ಲಿ ಸಾವಿರ ವರ್ಷ ಹಳೆಯ ಬೂಟುಗಳು, ಕತ್ತರಿಸಿ ಎಸೆದ ತೊಗಲಿನ ಚೂರುಗಳು ಬಂದವು. ರಷ್ಯಾದ ನವ್ಗೊರೊದ್‌ನಲ್ಲೂ, ಲಂಡನ್ನಿನ ನದಿ ದಂಡೆಯಲ್ಲೂ ಹೀಗೆಯೇ. ಇಂಥ ಬೂಟುಗಳಲ್ಲಿ ಎಷ್ಟೋ ಸಲ ಹೊಲಿದ ದಾರ ಕೊಳೆತುಹೋಗಿರುತ್ತದೆ, ಸೂಜಿಯ ತೂತುಗಳು ಮಾತ್ರ ಸಾಲಾಗಿ ಉಳಿದಿರುತ್ತವೆ. ಆ ತೂತುಗಳನ್ನು ನೋಡಿಯೇ ಹೊಲಿಗೆ ಯಾವ ಬಗೆಯದು ಎಂದು ಹೇಳುತ್ತಾರೆ. ಆ ಕಾಲದ ಬೂಟನ್ನು ಒಳಮೈ ಹೊರಗೆ ಮಾಡಿ ಹೊಲಿದು, ಆಮೇಲೆ ಚೀಲ ತಿರುಗಿಸಿದಂತೆ ತಿರುಗಿಸುತ್ತಿದ್ದರಂತೆ. ಹಿಮ್ಮಡಿ ಎಲ್ಲಿ ಸವೆದಿದೆ ಎಂಬುದರಿಂದ ಅದನ್ನು ಮೆಟ್ಟಿದವನ ನಡಿಗೆಯೂ ಗೊತ್ತಾಗುತ್ತದೆ. ಇದನ್ನು ಹೇಳಿದಾಗ ಅಪ್ಪ ನಕ್ಕರು. “ಅದನ್ನ ನಾನು ದಿನಾ ಹೇಳ್ತೆ” ಅಂದರು. ನಿಜ, ರಿಪೇರಿಗೆ ಬಂದ ಚಪ್ಪಲಿ ನೋಡಿಯೇ ಯಾರ ಮಂಡಿ ನೋಯುತ್ತಿದೆ ಎಂದು ಅವರು ಹೇಳಬಲ್ಲರು.

ಮಣ್ಣು ಕೈಕೊಟ್ಟಲ್ಲಿ ನಮಗೆ ಉಳಿಯುವುದು ಬರವಣಿಗೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಭಟ್ಕಳಕ್ಕೆ ವರ್ಷಕ್ಕೆ 5–6 ಸಾವಿರ ಹೇರೆತ್ತುಗಳು ಬರುತ್ತವೆ ಎಂದು ಬರೆದಿದ್ದಾನೆ. ಇಲ್ಲಿನ ಹೆಚ್ಚಿನ ಜನ ಬರಿಗಾಲಲ್ಲೇ ನಡೆಯುತ್ತಾರೆ. ಚೂಪು ಮೂತಿಯ ಜೋಡುಗಳಿವೆ, ಬರೀ ಅಟ್ಟೆಗೆ ಮೇಲೆ ಪಟ್ಟಿ ಹಾಕಿದವೂ ಇವೆ ಎಂದೂ ಹೇಳುತ್ತಾನೆ. ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಅರಬ್ ದೇಶದ ಕುದುರೆಗಳು ಇಳಿಯುತ್ತಿದ್ದ ಕಾಲ ಅದು. ಜೀನು, ಲಗಾಮು ಇಲ್ಲದೆ ಕುದುರೆ ಏತಕ್ಕೆ ಬಂತು? ಅವನ್ನು ಮಾಡಿದ ಕೈಗಳ ಬಗ್ಗೆ ಮಾತ್ರ ಅವನ ಬರಹದಲ್ಲಿ ನನಗೇನೂ ಕಾಣಲಿಲ್ಲ.

ಆ ಕೈಗಳನ್ನು ಹುಡುಕಲು ಘಟ್ಟ ಹತ್ತಿ ಇನ್ನೂ ಹಿಂದಕ್ಕೆ, ವಚನಗಳಿಗೆ ಹೋಗಬೇಕಾಯಿತು. ಮಾದಾರ ಚೆನ್ನಯ್ಯನನ್ನು ಬಸವಣ್ಣ ಅಪ್ಪ ಎಂದು ಕರೆದದ್ದು ನಮಗೆಲ್ಲ ಪಾಠದಲ್ಲಿ ಬಂದಿದೆ. ಆದರೆ ಚೆನ್ನಯ್ಯನ ಅಂಕಿತವನ್ನು ನಾನು ಗಮನವಿಟ್ಟು ಓದಿದ್ದು ಈಚೆಗೆ. ಅದರೊಳಗೆ ಅವನ ಕಸುಬಿನ ಸಾಮಾನುಗಳೇ ಇವೆ: ಕೈಯುಳಿ, ಕತ್ತಿ, ಅಡಿಗುಂಟ. ದೇವರ ಹೆಸರಿನ ಜೊತೆಗೇ ತನ್ನ ಉಳಿಯನ್ನೂ ಇಟ್ಟಿದ್ದಾನೆ! ಯಾರ್ಕ್‌ನ ಬೂಟುಗಳು ಗಾಜಿನ ಪೆಟ್ಟಿಗೆಯಲ್ಲಿವೆ, ಹೊಲಿದವರು ಯಾರೋ ಗೊತ್ತಿಲ್ಲ. ನಮ್ಮಲ್ಲಿ ಚಪ್ಪಲಿ ಮಣ್ಣಾಯಿತು; ಚೆನ್ನಯ್ಯ, ಹರಳಯ್ಯ, ಧೂಳಯ್ಯ, ತೊಗಲು ಹದ ಮಾಡುತ್ತಿದ್ದ ಡೋಹರ ಕಕ್ಕಯ್ಯ ಎಂಬ ಹೆಸರುಗಳು ಉಳಿದವು.

ಸುಮ್ಮನೆ ಉಳಿದ ಹೆಸರುಗಳಲ್ಲ ಇವು. ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತೆಂದು ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು ಎನ್ನುತ್ತದೆ ಪರಂಪರೆ. ಕಲ್ಯಾಣ ಬಿಟ್ಟ ಶರಣರು ನಮ್ಮ ಜಿಲ್ಲೆಯ ಉಳವಿಯತ್ತ ಹೊರಟರು. ಆ ದಾರಿಯ ಕಕ್ಕೇರಿಯಲ್ಲಿ ಕಕ್ಕಯ್ಯ ತೀರಿಕೊಂಡ ಎಂಬ ನಂಬಿಕೆಯಿದೆ.

ಕಳೆದ ವರ್ಷ ಒಂದು ಕೆಲಸದ ಸಂದರ್ಶನದಲ್ಲಿ ಅಪ್ಪನ ಉದ್ಯೋಗ ಕೇಳಿದರು. ಹೇಳಿದೆ. ಮೇಜಿನಾಚೆಯ ಇಬ್ಬರು ಮುಖ ಮುಖ ನೋಡಿಕೊಂಡು ಮುಂದಿನ ಪ್ರಶ್ನೆಗೆ ಹೋದರು. ಹೊನ್ನಾವರದ ಕಡೆ ಯಕ್ಷಗಾನ ನೋಡುವಾಗ ನನಗೆ ಇದು ನೆನಪಾಗುತ್ತದೆ. ಮದ್ದಳೆಯದೂ ತೊಗಲೇ. ಅದಕ್ಕೆ ಕೈಮುಗಿದು ನುಡಿಸುತ್ತಾರೆ.

ಅಪ್ಪನಿಗೆ ಚೆನ್ನಯ್ಯನ ಅಂಕಿತ ಓದಿ ಹೇಳಿದೆ. ಅವರು ತೊಗಲು ಇಟ್ಟು ಕೊಯ್ಯುವ ಮರದ ತುಂಡನ್ನು ಮುಂದೆ ಸರಿಸಿ, “ಅಡಿಗುಂಟ ಅಂದ್ರೆ ಇದೇ ಆಗಿರ್ಬೇಕು, ಮಗಾ” ಅಂದರು. ಅದರ ಮೇಲೆ ಕತ್ತಿಯ ಗೀರುಗಳು ಎಷ್ಟೋ ಆಳಕ್ಕಿವೆ. ಕೆಲವು ಅಜ್ಜನ ಕಾಲದವು. ಈಗ ಪೆಟ್ಟಿಗೆಯ ಒಂದೊಂದೇ ಸಾಮಾನು ತೆಗೆದು ಫೋಟೊ ಹಿಡಿದು, ಅಳತೆ ಮಾಡಿ, ಮನೆಯಲ್ಲಿ ಕರೆಯುವ ಹೆಸರು ಬರೆದಿಡುತ್ತಿದ್ದೇನೆ. ಇಲ್ಲಿಯವರೆಗೆ 19 ಆಗಿವೆ. ಎರಡಕ್ಕೆ ಅಪ್ಪನಿಗೂ ಹೆಸರು ನೆನಪಿಲ್ಲ. ಭಟ್ಕಳದಲ್ಲಿರುವ ದೊಡ್ಡಪ್ಪನನ್ನು ಕೇಳಬೇಕು.